ವರ್ಷದ ಲೆಕ್ಕ ಸೂಜಿಯಲ್ಲಿ

(ಹಣ್ಣು ಕೊಯ್ಲು ಮುಗಿಸಿ ಎಸ್ಟೇಟಿನಿಂದ ಊರಿಗೆ ಮರಳಿದ ಕುಟುಂಬಗಳ ಕೂಟದಲ್ಲಿ, ಬಶೀರಾಬಾದಿನಲ್ಲಿ, ಆಡಿದ ಮಾತುಗಳು. ಲೈನ್ ಮನೆಗಳಲ್ಲಿಯೇ ಉಳಿದಿರುವವರೂ ಓದಲೆಂದು ಇಲ್ಲಿ ಅಚ್ಚು ಮಾಡಿದೆ.)



ಕೂಲಿ ದರದ ಮಾತಿದೆ ಎಂದು ಕೇಳಿ ನೀವು ಬಂದು ಕುಳಿತಿದ್ದೀರಿ. ಅದು ಊಟದ ನಂತರ ಇದ್ದೇ ಇದೆ. ಅದಕ್ಕೆ ಮೊದಲು ಸೂಜಿ ದಾರದ ಮಾತು ಆಡಲು ಅಪ್ಪಣೆ ಕೊಡಿರಿ. ಸಂಘದ ಕೆಲಸ ಮಾಡುವ ಉಪದೇಶಿಗೆ ಕಸೂತಿಯ ಗೊಡವೆ ಯಾಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ನಮಗೆ ಕೇಳಿಸಿತು. ನಮ್ಮ ಮನೆಯಲ್ಲಿಯೂ ಹೀಗೆಯೇ ನಕ್ಕರು. ಕೇಳಿ ಆದ ಮೇಲೆ ನಗಬಹುದು.

ನಮ್ಮ ಅಜ್ಜಿ ಹುಟ್ಟಿದ ಕಾಲದಲ್ಲಿ ತಾಂಡೂರು, ಕೊಡಂಗಲ್ ಎರಡೂ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಈ ಎರಡು ತಾಲ್ಲೂಕು ಮಾತ್ರ ಆಂಧ್ರ ಪ್ರದೇಶದಲ್ಲಿ ಉಳಿದವು. ನಮ್ಮ ತಾಂಡೂರು ಕಡೆ ಮೊದಲು ಹೈದರಾಬಾದ್ ಜಿಲ್ಲೆಯಾಯಿತು, 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯಾಯಿತು, 2014ರಲ್ಲಿ ತೆಲಂಗಾಣ ರಾಜ್ಯ ಬಂತು, 2016ರಲ್ಲಿ ವಿಕಾರಾಬಾದ್ ಜಿಲ್ಲೆ ಎಂದರು. ಫರಸಿ ಕಲ್ಲಿನ ಆ ಮನೆ ಒಂದು ಅಡಿಯೂ ಆಚೀಚೆ ಸರಿಯಲಿಲ್ಲ. ಕಾಗದದಲ್ಲಿ ಮಾತ್ರ ನಾಲ್ಕು ಜಿಲ್ಲೆ, ಮೂರು ರಾಜ್ಯ ಸುತ್ತಿ ಬಂತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೆಯ ಪಹಣಿಯಲ್ಲಿ ಉರ್ದು. ಅಜ್ಜಿಗೆ ಮೂರರಲ್ಲಿ ಒಂದನ್ನೂ ಓದಲು ಬಾರದು.

ಆದರೆ ಅಜ್ಜಿಗೆ ಒಂದು ಪುಸ್ತಕ ಇತ್ತು. ಅದು ಅವಳ ಕೌದಿ. ಕೌದಿ ಎಂದರೇನೆಂದು ನಿಮಗೆ ಹೇಳಬೇಕಿಲ್ಲ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಸಾಲಾಗಿ ದಾರ ಓಡಿಸಿದ್ದು. ಚಳಿಗಾಲದಲ್ಲಿ ನಾವು ಮಕ್ಕಳು ಅದರೊಳಗೆ ಹೊಕ್ಕಾಗ ಅವಳು ತುಂಡಿನ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಇದು ನಿಮ್ಮ ಅತ್ತೆಯ ಮದುವೆಯ ವರ್ಷದ್ದು, ಇದು ಮಳೆ ಬಾರದೆ ಜೋಳ ಒಣಗಿದಾಗ ಉಟ್ಟದ್ದು, ಈ ಖಾಕಿ ತುಂಡು ನಿಮ್ಮ ಅಜ್ಜ ರೈಲು ಹಳಿಯ ಕೆಲಸಕ್ಕೆ ಹೋಗುವಾಗ ತೊಟ್ಟ ಚಡ್ಡಿಯದ್ದು. ಒಂದು ಕಪ್ಪು ಚೌಕದ ಮೇಲೆ ಬೆರಳು ಬಂದರೆ ಏನೂ ಹೇಳದೆ ಮುಂದಕ್ಕೆ ಹೋಗುತ್ತಿದ್ದಳು.

ಅಜ್ಜಿ ತೀರಿಹೋದಳು. ಕೌದಿ ನಮ್ಮ ಪೆಟ್ಟಿಗೆಯಲ್ಲಿದೆ. ಆದರೆ ಅದನ್ನು ಓದುವವರು ಇಲ್ಲ. ಐದಾರು ತುಂಡುಗಳ ಕಥೆ ನಮಗೆ ನೆನಪಿದೆ, ಉಳಿದದ್ದು ಬರಿಯ ಬಟ್ಟೆ. ಕೇಳಿ ಬರೆದಿಟ್ಟುಕೊಳ್ಳಬಹುದಿತ್ತು. ಎಸ್.ಎಸ್.ಎಲ್.ಸಿ. ಪಾಸಾದವರು ಮನೆಯಲ್ಲಿ ನಾವೊಬ್ಬರೇ ಇದ್ದೆವು, ನಮಗೇ ಅದು ಹೊಳೆಯಲಿಲ್ಲ.

ಈಗ ನಿಮ್ಮ ವಿಚಾರಕ್ಕೆ ಬರೋಣ. ನಿಮ್ಮ ವರ್ಷ ಎಲ್ಲಿ ಬರೆದಿದೆ? ಎಸ್ಟೇಟಿನಲ್ಲಿ ನೀವು ದುಡಿದ ದಿನ ರೈಟರರ ಚೆಕ್‌ರೋಲಿನಲ್ಲಿದೆ. ಸಾಲ ಅಂಗಡಿಯವನ ವಹಿಯಲ್ಲಿದೆ. ಮಗುವಿನ ತೂಕ ಅಂಗನವಾಡಿಯ ಚೀಟಿಯಲ್ಲಿದೆ. ಎಲ್ಲವೂ ಇನ್ನೊಬ್ಬರ ಕೈಯ ಅಕ್ಷರ, ಇನ್ನೊಬ್ಬರ ಬೀರುವಿನೊಳಗೆ. ನಿಮ್ಮ ಕೈಯಿಂದ ನೀವೇ ಇಟ್ಟ ಲೆಕ್ಕ ಯಾವುದು? ಕೆಲವರು ಮೊಬೈಲ್ ತೋರಿಸುತ್ತೀರಿ. ಒಳ್ಳೆಯದೇ. ಕಳೆದ ಮಳೆಗಾಲದಲ್ಲಿ ಮೊಬೈಲ್ ಕೆಸರಿಗೆ ಬಿದ್ದು ಮಗಳ ಮದುವೆಯ ಎಲ್ಲ ಫೋಟೋ ಕಳೆದುಕೊಂಡ ತಾಯಿ ಇಲ್ಲಿಯೇ ಕುಳಿತಿದ್ದಾರೆ.

ನಾವು ಈ ಮಾತಿಗೆ ಹೇಗೆ ಬಂದೆವೆಂದು ಹೇಳಬೇಕು. ನಮ್ಮ ಕಡೆಯವರು ಹೆಚ್ಚಾಗಿ ಹೈದರಾಬಾದಿಗೆ, ಮುಂಬಯಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವವರು. ಕೆಲವು ಮನೆಯವರು ಮಾತ್ರ ಮಲೆನಾಡಿನ ಕಾಫಿ ಕೊಯ್ಲಿಗೆ ಹೋಗುತ್ತಾರೆ. ಹಾಗೆ ಹೋದ ಒಬ್ಬ ತಂಗಿ ಕೆಲವು ವರ್ಷಗಳ ಹಿಂದೆ ನಮ್ಮ ಬಳಿ ಬಂದು, ಕಣದಲ್ಲಿ ಕಾಫಿ ಒಣಗಿಸಿದ ದಿನಗಳಿಗೆ ಕೂಲಿ ಕಡಿಮೆ ಬಂದಿದೆ ಎಂದಳು. ಪುಸ್ತಕದಲ್ಲಿ 58 ದಿನ ಇತ್ತು. ನೀನು ಎಷ್ಟು ದಿನ ಮಾಡಿದೆ ಎಂದು ಕೇಳಿದೆವು. ಹೆಚ್ಚು ಮಾಡಿದ್ದೇನೆ ಎಂದಳು. ಎಷ್ಟು ಹೆಚ್ಚು? ಬಹಳ. 'ಬಹಳ' ಎಂಬ ಮಾತನ್ನು ಹಿಡಿದುಕೊಂಡು ಯಾವ ಆಫೀಸಿನಲ್ಲಿ ವಾದ ಮಾಡುವುದು? ಬಾಯಿಮಾತು ಲೆಕ್ಕವಲ್ಲ ತಂಗಿ ಎಂದು ಹೇಳಿ ಕಳಿಸಿದೆವು. ಆ ಮಾತು ಹೇಳಿದ್ದಕ್ಕೆ ನಮಗೆ ಇಂದಿಗೂ ಮುಜುಗರವಿದೆ. ಅವಳು ಹೇಳಿದ್ದು ಸುಳ್ಳಲ್ಲವೆಂದು ನಮಗೆ ಗೊತ್ತಿತ್ತು.

ಮುಂದಿನ ವರ್ಷ ಅವಳು ಒಂದು ಬಟ್ಟೆಯ ಸುರುಳಿ ತಂದಳು. ಗಂಡನ ಹಳೆಯ ಧೋತರದಿಂದ ನಾಲ್ಕು ಬೆರಳಗಲ ಹರಿದ ಪಟ್ಟಿ. ಅದರ ಮೇಲೆ ದಿನಕ್ಕೊಂದು ಗುರುತು. ಹಣ್ಣು ಕೊಯ್ದ ದಿನಕ್ಕೆ ಕೆಂಪು ಗಂಟು. ಕಣದ ಕೆಲಸವಾದರೆ ಕೆಂಪು ಗಂಟಿನ ಕೆಳಗೆ ಹಳದಿ ಗೆರೆ. ಭಾನುವಾರಕ್ಕೆ ಹಸಿರು. ಜ್ವರ ಬಂದ ದಿನಕ್ಕೆ ಕಪ್ಪು ಕತ್ತರಿ ಹೊಲಿಗೆ. ಎಣಿಸಿದೆವು. ಅವಳ ಪಟ್ಟಿಯಲ್ಲಿ 67 ಕೆಂಪು ಗಂಟು, ಪುಸ್ತಕದಲ್ಲಿ 64 ದಿನ. ಜ್ವರದಿಂದ ಎದ್ದ ಮೇಲೆ, ಮತ್ತೊಬ್ಬಳ ಬದಲಿಗೆ ಕಣದಲ್ಲಿ ನಿಂತ ಮೂರು ದಿನ ಪುಸ್ತಕದಲ್ಲಿ ಇರಲಿಲ್ಲ.

ಪಟ್ಟಿ ತೆಗೆದುಕೊಂಡು ಎಸ್ಟೇಟಿನ ಆಫೀಸಿಗೆ ಹೋದೆವು. ಕಸೂತಿ ನೋಡಿ ಸಂಬಳ ಕೊಡಬೇಕೇ ಎಂದು ಅಲ್ಲಿಯವರು ನಕ್ಕರು. ಅವರು ನಕ್ಕದ್ದು ತಪ್ಪೆಂದು ನಾವು ಹೇಳುವುದಿಲ್ಲ, ನಾವೂ ಒಳಗೊಳಗೆ ಅಂಜಿಕೊಂಡೇ ಹೋಗಿದ್ದೆವು. ಆದರೆ ಆ ಮೂರು ದಿನಗಳಲ್ಲಿ ಎರಡನೆಯ ಗುರುತಿನ ಮೇಲೆ ಓರೆಯಾಗಿ ನಾಲ್ಕು ನೀಲಿ ಎಳೆ ಇದ್ದವು. ಇದೇನು ಎಂದು ಕೇಳಿದರು. ಅಂದು ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತಲ್ಲ ಸ್ವಾಮಿ, ನಾವೆಲ್ಲ ಓಡಿ ಕಾಫಿಗೆ ಟಾರ್ಪಾಲ್ ಹೊದಿಸಿದೆವು, ನೀವೂ ಒಂದು ತುದಿ ಹಿಡಿದಿದ್ದಿರಿ ಎಂದಳು. ಅವರು ಸುಮ್ಮನಾದರು. ಕಣದ ಪುಸ್ತಕ ತರಿಸಿದರು. ಅದರಲ್ಲಿ ಆ ತಾರೀಖಿಗೆ ಮಳೆ ಎಂದು ಬರೆದಿತ್ತು. ಜೊತೆಗಿದ್ದ ಇಬ್ಬರು ಹೆಂಗಸರಿಗೂ ಆ ದಿನದ ನೆನಪು ಬಂತು, ಆ ನೆನಪಿನಿಂದ ಹಿಂದಿನ ದಿನದ್ದೂ ಬಂತು. ಎರಡು ದಿನದ ಕೂಲಿ ಸಿಕ್ಕಿತು. ಮೂರನೆಯ ದಿನದ್ದು ಸಿಗಲಿಲ್ಲ.

ಬಟ್ಟೆಯ ಗುರುತು ಆಫೀಸಿನಲ್ಲಿ ಸಾಕ್ಷಿಯಾಗುತ್ತದೆಂದು ನಂಬಿ ಯಾರೂ ಹೋಗಬೇಡಿರಿ. ಕೂಲಿ ಚೀಟಿ ಇಟ್ಟುಕೊಳ್ಳಿರಿ, ಅಕ್ಷರ ಬಲ್ಲ ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಬರೆಸಿರಿ, ಅದು ಬೇರೆಯೇ ಕೆಲಸ. ಆದರೆ ನೋಟ್‌ಬುಕ್ ಮಾಡದ ಒಂದು ಕೆಲಸವನ್ನು ಆ ಪಟ್ಟಿ ಮಾಡಿತು. 'ಬಹಳ' ಎನ್ನುತ್ತಿದ್ದವಳು 67 ಎಂದಳು, ಆ ದಿನ ಏನಾಯಿತೆಂದೂ ಹೇಳಿದಳು. ಧ್ವನಿ ನಡುಗಲಿಲ್ಲ.

ಹೀಗೆ ಬಟ್ಟೆಯ ಮೇಲೆ ಬದುಕನ್ನು ಬರೆದವರು ಲೋಕದಲ್ಲಿ ಹಿಂದೆಯೂ ಇದ್ದಾರೆ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ 1813ರಲ್ಲಿ ಹುಟ್ಟಿದ ಎಲಿಜಬೆತ್ ಪಾರ್ಕರ್ ಎಂಬವಳು ಕೂಲಿಕಾರನ ಮಗಳು. ಚಿಕ್ಕ ವಯಸ್ಸಿನಲ್ಲಿಯೇ ಮನೆಗೆಲಸಕ್ಕೆ ಹೋದಳು. ಒಂದು ಮನೆಯಲ್ಲಿ ಯಜಮಾನ ಅವಳನ್ನು ಕ್ರೂರವಾಗಿ ನಡೆಸಿಕೊಂಡ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು. 1830ರ ಸುಮಾರಿಗೆ ಅವಳು ಆ ಎಲ್ಲವನ್ನೂ ನಾರಿನ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ, ಸಣ್ಣ ಸಣ್ಣ ಕತ್ತರಿ ಹೊಲಿಗೆಯ ಅಕ್ಷರಗಳಲ್ಲಿ, ಹೂವಿಲ್ಲ, ಅಂಚಿಲ್ಲ, ಚಿತ್ರವಿಲ್ಲ, ಬರಿಯ ಮಾತುಗಳಾಗಿ ಹೊಲಿದಳು. ಕೊನೆಯ ವಾಕ್ಯ ಅರ್ಧಕ್ಕೇ ನಿಂತಿದೆ, ಕೆಳಗೆ ಬಟ್ಟೆ ಖಾಲಿ. ಆದರೆ ಅವಳು ಬದುಕಿದಳು; ಮುಂದೆ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದಳು. ಆ ಬಟ್ಟೆ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಆ ಯಜಮಾನ ಇಟ್ಟ ಲೆಕ್ಕದ ಪುಸ್ತಕ ಎಲ್ಲಿ ಹೋಯಿತೋ!

ದಕ್ಷಿಣ ಅಮೆರಿಕದ ಚಿಲಿ ದೇಶದ ತಾಯಂದಿರ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಧಿಕಾರ ಹಿಡಿಯಿತು. ಗಂಡಂದಿರು, ಮಕ್ಕಳು ಮನೆಯಿಂದ ಹಿಡಿದೊಯ್ಯಲ್ಪಟ್ಟು ಮತ್ತೆ ಕಾಣಲಿಲ್ಲ. ರಾಜಧಾನಿ ಸಾಂಟಿಯಾಗೋದಲ್ಲಿ ಚರ್ಚಿನ ಆಶ್ರಯದಲ್ಲಿ ಆ ಹೆಂಗಸರು ಕೂಡಿ ಕುಳಿತು ಗೋಣಿ ಬಟ್ಟೆಯ ಮೇಲೆ ಹಳೆಯ ಬಟ್ಟೆ ತುಂಡುಗಳಿಂದ ಚಿತ್ರ ಹೊಲಿದರು. ಕಳೆದುಹೋದವರ ಅಂಗಿಯ ತುಂಡುಗಳೂ ಅದರಲ್ಲಿ ಸೇರಿದವು. ಮುಚ್ಚಿದ ಕಾರ್ಖಾನೆ, ಗಂಜಿ ಬೇಯಿಸುವ ಕೂಟ, ಜೈಲಿನ ಬಾಗಿಲು, ಹಿಂದೆ ಆಂಡಿಸ್ ಬೆಟ್ಟದ ಸಾಲು. ಕೆಲವು ಚಿತ್ರಗಳ ಹಿಂಬದಿಗೆ ಸಣ್ಣ ಜೇಬು ಹೊಲಿದು ಅದರೊಳಗೆ ಚೀಟಿ ಇಡುತ್ತಿದ್ದರು. 1976ರಲ್ಲಿ ಕಾರ್ಡಿನಲ್ ಸಿಲ್ವಾ ಹೆನ್ರಿಕೆಸ್ ಅವರು ಸ್ಥಾಪಿಸಿದ ಐಕಮತ್ಯದ ಕಚೇರಿ ಅವನ್ನು ಹೊರದೇಶಗಳಿಗೆ ಕಳಿಸಿ ಮಾರಿ ಆ ಮನೆಗಳಿಗೆ ಅನ್ನ ಕೊಟ್ಟಿತು. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲದಲ್ಲಿ ಸುದ್ದಿ ಹೋದದ್ದು ಹೀಗೆ.

ಇದು ಹೆಂಗಸರ ಕೆಲಸ ಎಂದು ಹೇಳುವ ಗಂಡಸರಿಗೆ ಒಂದು ಮಾತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಮೇಜರ್ ಅಲೆಕ್ಸಿಸ್ ಕಾಸ್ಡಾಗ್ಲಿ ಎಂಬ ಬ್ರಿಟಿಷ್ ಅಧಿಕಾರಿ 1941ರ ಡಿಸೆಂಬರಿನಲ್ಲಿ ಒಂದು ಕಸೂತಿ ಮಾಡಿದ. ಅಂಚಿನ ಚುಕ್ಕೆ ಗೆರೆಗಳಲ್ಲಿ ತಂತಿ ಭಾಷೆಯಿಂದ ಹಿಟ್ಲರನಿಗೆ ಬೈಗುಳ ಹೊಲಿದಿದ್ದ. ಕಾವಲಿನವರು ಅದನ್ನು ಚೆನ್ನಾಗಿದೆಯೆಂದು ಗೋಡೆಗೆ ಹಾಕಿದರು!

ಇನ್ನು ಹೇಗೆ ಮಾಡುವುದು ಎಂಬುದಕ್ಕೆ ಬರೋಣ. ಪಟ್ಟಣದಲ್ಲಿ ಈಗ ಈ ಬಗೆಯ ಕಸೂತಿ ದಿನಚರಿ ಮಾಡುವವರಲ್ಲಿ ಅನೇಕರು ರಿಂಗಿನೊಳಗೆ ಬಟ್ಟೆ ಬಿಗಿದು, ವೃತ್ತವನ್ನು ರೊಟ್ಟಿ ಮುರಿದಂತೆ ಹನ್ನೆರಡು ಭಾಗ ಮಾಡಿ, ತಿಂಗಳಿಗೊಂದು ಭಾಗ ತುಂಬುತ್ತಾರೆ. ನೋಡಲು ಚೆಂದ. ಆದರೆ ಲೆಕ್ಕ ಹಾಕಿ ನೋಡಿರಿ. ಹತ್ತು ಅಂಗುಲದ ವೃತ್ತದಲ್ಲಿ 365 ಗುರುತು ಹಿಡಿಸಬೇಕಾದರೆ ಒಂದೊಂದಕ್ಕೆ ಅರ್ಧ ಅಂಗುಲದ ಚೌಕವೂ ಸಿಗುವುದಿಲ್ಲ. ದಿನವಿಡೀ ಹಣ್ಣು ಕೊಯ್ದು ಅಂಟಾದ, ಸೀಳಿದ ಬೆರಳಿಗೆ ಅದು ಕಷ್ಟ. ವಾರಕ್ಕೊಂದು ಗುರುತು ಎಂದರೆ 52 ಸಾಕು, ಒಂದೊಂದಕ್ಕೆ ಅಂಗುಲಕ್ಕಿಂತ ಹೆಚ್ಚು ಜಾಗ ಸಿಗುತ್ತದೆ. ನಾವು ಹೇಳುವುದು ಆ ತಂಗಿಯ ಪಟ್ಟಿಯೇ ಮೇಲು. ಸುತ್ತಿದರೆ ಮುಷ್ಟಿಯಲ್ಲಿ ಹಿಡಿಯುತ್ತದೆ, ರೈಲಿನಲ್ಲಿ ಸೊಂಟದಲ್ಲಿ ಸಿಕ್ಕಿಸಿಕೊಳ್ಳಬಹುದು, ಬಟ್ಟೆ ಮುಗಿದರೆ ಇನ್ನೊಂದು ತುಂಡು ಕೂಡಿಸಬಹುದು. ಫ್ರಾನ್ಸಿನ ಬಾಯೋ ಪಟ್ಟಣದ ಹೆಸರಾದ ಕಸೂತಿಯೂ ಇಂಥ ಪಟ್ಟಿಯೇ. 1066ರ ಯುದ್ಧದ ಕಥೆ, ಅಗಲ ಸುಮಾರು ಮೊಳದಷ್ಟು, ಉದ್ದ ಸುಮಾರು 70 ಮೀಟರ್.

ಬಟ್ಟೆ ಹೊಸದಾದರೆ ಮೊದಲು ಒಗೆದು ಒಣಗಿಸಿರಿ. ಇಲ್ಲದಿದ್ದರೆ ಕಸೂತಿ ಮಾಡಿದ ಮೇಲೆ ಕುಗ್ಗಿ ಸುಕ್ಕುಗಟ್ಟುತ್ತದೆ. ಹಳೆಯ ಧೋತರ, ಹಿಟ್ಟಿನ ಚೀಲದ ಬಿಳಿ ಬಟ್ಟೆ ಆಗಲೇ ಕುಗ್ಗಿರುತ್ತದೆ, ಅದೇ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಆಂಕರ್ ದಾರದ ಒಂದು ಲಡಿ 8 ಮೀಟರ್, ಅದರಲ್ಲಿ ಆರು ಎಳೆ. ಆರೂ ಎಳೆ ಒಟ್ಟಿಗೆ ಪೋಣಿಸಬೇಡಿರಿ. ಎರಡೆರಡಾಗಿ ಬಿಡಿಸಿದರೆ 8 ಮೀಟರ್ 24 ಆಗುತ್ತದೆ. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸಿದರೆ ಸಿಕ್ಕಾಗುತ್ತದೆ. ಕೆಂಪು ದಾರವನ್ನು ಮೊದಲು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿರಿ, ಬಣ್ಣ ಬಿಟ್ಟರೆ ಬೇರೆ ತೆಗೆದುಕೊಳ್ಳಿರಿ. ನಾವು ನೋಡಲಿಲ್ಲ. ನಮ್ಮ ಮೊದಲ ಪಟ್ಟಿಯ ಜನವರಿ ತಿಂಗಳು ಒಂದೇ ತೊಳೆತಕ್ಕೆ ಗುಲಾಬಿಯಾಯಿತು. ಹೊಲಿದವರು ನಾವೇ, ನಕ್ಕವರು ಮನೆಯವರು.

ಹೊಲಿಗೆ ಯಾವುದು ಎಂದು ಚಿಂತೆ ಬೇಡ. ಕೌದಿಗೆ ದಾರ ಓಡಿಸಲು ಬಂದರೆ ಅರ್ಧ ಕಲಿತಂತೆ. ಗಂಟು ಒಂದು, ಕತ್ತರಿ ಒಂದು, ಸರಪಳಿ ಒಂದು ಸಾಕು. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆ. ಮೆಂತೆ ಎಂದರೆ ನಮ್ಮ ಕತ್ತರಿ ಹೊಲಿಗೆಯೇ, ಮೆಂತೆ ಕಾಳಿನಂತೆ ಕಾಣುತ್ತದೆ. ನಮ್ಮ ಸುತ್ತಲಿನ ತಾಂಡಾಗಳ ಲಂಬಾಣಿ ಅಕ್ಕಂದಿರನ್ನು ಕೇಳಿದರೆ ಅವರ ಬೆರಳ ತುದಿಯಲ್ಲಿ ಹತ್ತಕ್ಕಿಂತ ಹೆಚ್ಚು ಬಗೆ ಇವೆ. ಸಂಡೂರಿನ ಲಂಬಾಣಿ ಕಸೂತಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ, 2022ರಲ್ಲಿ ನಮ್ಮ ತಾಂಡೂರು ತೊಗರಿಗೆ ಸಿಕ್ಕ ಹಾಗೆ. ತೊಗರಿಗೆ ಮನ್ನಣೆ ಬಂತು, ಕೊಯ್ದವರ ಹೆಸರು ಬಂದಿಲ್ಲ ಎಂದು ಇಲ್ಲಿ ಒಬ್ಬ ಹಿರಿಯರು ಹೇಳುತ್ತಿರುತ್ತಾರೆ.

ಜನವರಿ 1ರಿಂದಲೇ ಆರಂಭಿಸಬೇಕೆಂದಿಲ್ಲ. ಅದು ಹಣ್ಣಿನ ಕಾಲ, ಬಿಡುವು ಎಲ್ಲಿ? ನಿಮ್ಮ ವರ್ಷ ಎಲ್ಲಿ ತಿರುಗುತ್ತದೆಯೋ ಅಲ್ಲಿಂದ ಆರಂಭಿಸಿರಿ. ಎಸ್ಟೇಟಿನಲ್ಲಿಯೇ ಇರುವವರಿಗೆ ಹೂ ಮಳೆ ಬಿದ್ದು ಗಿಡವೆಲ್ಲ ಬಿಳಿಯಾದ ದಿನ ಒಳ್ಳೆಯದು. ಊರು ಬಿಟ್ಟು ಹೋಗುವವರಿಗೆ ರೈಲು ಹತ್ತಿದ ದಿನ. ಪ್ರತಿ ರಾತ್ರಿ ಹೊಲಿಯಲು ಹೋಗಿ ಕಣ್ಣು ಕೆಡಿಸಿಕೊಳ್ಳಬೇಡಿರಿ. ಆ ತಂಗಿ ಮಾಡಿದ್ದು ಹೀಗೆ. ವಾರದ ಆರು ದಿನ ಒಂದು ಬಣ್ಣದ ಎಳೆಯಲ್ಲಿ ದಿನಕ್ಕೊಂದು ಗಂಟು ಹಾಕಿ ಗೋಡೆಯ ಮೊಳೆಗೆ ತೂಗುಹಾಕುವುದು, ಭಾನುವಾರ ಸಂತೆಯಿಂದ ಬಂದ ಮೇಲೆ ಹಗಲು ಬೆಳಕಿನಲ್ಲಿ ಆ ಗಂಟು ನೋಡಿಕೊಂಡು ಹೊಲಿಯುವುದು. ನಡುವೆ ಎರಡು ವಾರ ಬಿಟ್ಟುಹೋದರೆ ಜಾಗ ಬಿಡಿರಿ, ಊಹಿಸಿ ತುಂಬಬೇಡಿರಿ. ಖಾಲಿ ಜಾಗವೂ ಏನೋ ಹೇಳುತ್ತದೆ. ನಮ್ಮದು ಮೊದಲ ವರ್ಷ ಮಾರ್ಚಿಯಲ್ಲಿ ನಿಂತು ಆಗಸ್ಟಿನಲ್ಲಿ ಮತ್ತೆ ಹೊರಟಿತು. ನಿಂತದ್ದು ಸೋಮಾರಿತನದಿಂದ, ಬೇರೆ ಕಾರಣ ಹೇಳಲಾರೆವು.

ಒಂದು ಕೆಲಸ ಮಾತ್ರ ಮರೆಯಬೇಡಿರಿ. ಪಟ್ಟಿಯ ತಲೆಯಲ್ಲಿ ಗುರುತುಗಳನ್ನು ಒಂದೊಂದು ಹೊಲಿದು, ಇದು ಕೊಯ್ಲು, ಇದು ಕಪಾತು, ಇದು ಮರಗಸಿ, ಇದು ಆಸ್ಪತ್ರೆ ಎಂದು ಮನೆಯ ಒಬ್ಬರಿಗಾದರೂ ಹೇಳಿಕೊಡಿರಿ. ಅಕ್ಷರ ಬಲ್ಲ ಮಗ ಮಗಳಿದ್ದರೆ ಚೀಟಿ ಬರೆಸಿ ಚಿಲಿಯ ತಾಯಂದಿರಂತೆ ಹಿಂದೆ ಜೇಬು ಮಾಡಿ ಇಡಿರಿ. ನಮ್ಮ ಅಜ್ಜಿಯ ಕೌದಿಯ ಹಾಗೆ ಆಗಬಾರದು.

ಹಬ್ಬ, ಮದುವೆ, ಹುಟ್ಟಿದ ಕರು ಇವನ್ನು ಎಲ್ಲರೂ ಸಂತೋಷದಿಂದ ಹೊಲಿಯುತ್ತಾರೆ. ಕೆಟ್ಟ ದಿನ ಬಂದಾಗ ಸೂಜಿ ನಿಲ್ಲುತ್ತದೆ. ಸಾಲ ತಂದದ್ದು, ಗಂಡ ಕುಡಿದು ಬಂದದ್ದು, ಮೇಸ್ತ್ರಿ ಆಡಿದ ಮಾತು ಇದೆಲ್ಲ ಬಟ್ಟೆಯ ಮೇಲೆ ಯಾಕೆ, ನೋಡಿದವರು ಏನೆಂದಾರು ಎಂದು ಕೇಳುತ್ತೀರಿ. ಗುರುತು ನಿಮ್ಮದು. ಅದರ ಅರ್ಥ ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಆದರೆ ಆ ದಿನ ಇರಲೇ ಇಲ್ಲವೆಂಬಂತೆ ಹಾರಿ ಹೋಗಬೇಡಿರಿ ಎಂದು ಕೇಳಿಕೊಳ್ಳುತ್ತೇವೆ.

ಆ ತಂಗಿಯ ಪಟ್ಟಿಯಲ್ಲಿ ಊರಿಗೆ ಬಂದ ನಂತರದ ಒಂದು ಜಾಗವಿದೆ. ನಾವು ಮೊದಲು ಅದನ್ನು ಖಾಲಿ ಎಂದೇ ತಿಳಿದೆವು. ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು: ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಒಂದು ತೊಟ್ಟಿಲು, ಉಗುರಿನಷ್ಟು. ಅದರ ನಂತರ ಒಂಬತ್ತು ದಿನ ಏನೂ ಇಲ್ಲ. ಹತ್ತನೆಯ ದಿನಕ್ಕೆ ಮತ್ತೆ ಕೆಂಪು ಗಂಟು, ತೊಗರಿ ಬೇಳೆ ಗಿರಣಿಯ ಕೆಲಸ. ನಾವು ಏನೂ ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವಳ ಅತ್ತೆ ಆ ಪಟ್ಟಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ಅಲ್ಲಿಯೇ ಬೆರಳಿಟ್ಟುಕೊಂಡಿದ್ದಳು. ಆಮೇಲೆ ಸೊಸೆಯನ್ನು ಕರೆದು, ಒಳಗೆ ಹೋಗಿ ಕೂತುಕೋ, ನೀರು ನಾನು ತರುತ್ತೇನೆ ಎಂದಳು. ಆ ಮನೆಯಲ್ಲಿ ಅಂಥ ಮಾತು ಅದುವರೆಗೆ ನಾವು ಕೇಳಿರಲಿಲ್ಲ.

ಊಟಕ್ಕೆ ಕರೆಯುತ್ತಿದ್ದಾರೆ. ಸೂಜಿಗಳನ್ನೂ ಐದು ಬಣ್ಣದ ದಾರವನ್ನೂ ತಂದಿದ್ದೇವೆ. ಕೆಂಪು ಈ ಸಲ ಪರೀಕ್ಷೆ ಮಾಡಿದ್ದು. ಊಟವಾದ ಮೇಲೆ ಕೂಲಿ ದರದ ಮಾತು ಕೇಳುತ್ತಲೇ ಹೊಲಿಯಬಹುದು, ಕಿವಿಗೆ ಕೆಲಸವಿದ್ದರೆ ಕೈ ಚೆನ್ನಾಗಿ ನಡೆಯುತ್ತದೆ. ಚಿಕ್ಕ ಮಕ್ಕಳಿರುವವರು ಸೂಜಿಯನ್ನು ಎಣಿಸಿ ತೆಗೆದುಕೊಳ್ಳಿರಿ, ಎಣಿಸಿ ಮರಳಿ ಕೊಡಿರಿ. ವಯಸ್ಸಾದವರಿಗೆ ಕಿಟಕಿಯ ಪಕ್ಕದ ಜಾಗ ಬಿಡಿರಿ.